ಬೀಳುವ ಹನಿಗೆ ಕತ್ತಲೆಯ ಬಲೆ

ನಲ್ಲಿಯ ವಾಷರ್ ಸವೆದು ಬಚ್ಚಲಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ಅದರ ಮುಂದೆ ಕ್ಯಾಮೆರಾ ಹಿಡಿದು ಕುಳಿತದ್ದು ನನ್ನ ಮೊದಲ ಪ್ರಯತ್ನ. ಹನಿ ಬೇಗ ಬೀಳುತ್ತದೆ, ಆದ್ದರಿಂದ ಶಟರ್ ಅದಕ್ಕಿಂತ ಬೇಗ ಓಡಬೇಕು ಎಂಬ ಲೆಕ್ಕದಲ್ಲಿ ವೇಗವನ್ನು 1/4000 ಸೆಕೆಂಡಿಗೆ ಏರಿಸಿದೆ. ಟ್ಯೂಬ್‌ಲೈಟಿನ ಬೆಳಕು ಅದಕ್ಕೆಲ್ಲಿ ಸಾಲಬೇಕು? ಕ್ಯಾಮೆರಾ ಬೆಳಕಿಗೆ ಎಷ್ಟು ಚುರುಕು ಎಂದು ಹೇಳುವ ಐಎಸ್‌ಒ 12800 ಮುಟ್ಟಿತು. ಚಿತ್ರದ ತುಂಬ ರವೆ ಚೆಲ್ಲಿದಂತೆ ಕಾಳು ಕಾಳು. ಸಂಜೆಯಿಡೀ ತೆಗೆದ ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಒಂದೂ ಉಳಿಯಲಿಲ್ಲ. ಮರುದಿನ ಪ್ಲಂಬರ್ ಬಂದು ನಲ್ಲಿಯನ್ನೂ ಸರಿಮಾಡಿ ಹೋದರು.

ಬೀಳುವ ಹನಿಯನ್ನು ಹಿಡಿಯುವುದು ಶಟರ್ ಅಲ್ಲ, ಫ್ಲ್ಯಾಶ್. ಇದು ನನ್ನ ತಲೆಗೆ ಹೋಗಲು ತಿಂಗಳುಗಳೇ ಬೇಕಾದವು. ನಿಮಗೆ ಅಷ್ಟು ಕಾಲ ಬೇಡ.

ಮೊದಲು ನಿಂತ ಹನಿ

ಬೀಳುವ ಹನಿಯ ಬೆನ್ನು ಹತ್ತುವ ಮುಂಚೆ ಎರಡು ದಿನ ನಿಂತ ಹನಿಯ ಜೊತೆ ಕಳೆಯಿರಿ. ಇದಕ್ಕೆ ಮೊಬೈಲ್ ಸಾಕು. ಹಳೆಯ ಫೋಟೊ ಫ್ರೇಮಿನ ಗಾಜನ್ನು ಬಿಚ್ಚಿ (ಅಂಚು ಕೈ ಕೊಯ್ಯುತ್ತದೆ, ಟೇಪ್ ಅಂಟಿಸಿ), ಒಂದೇ ಎತ್ತರದ ಎರಡು ಡಬ್ಬಿಗಳ ಮೇಲೆ ಸೇತುವೆಯಂತೆ ಇಡಿ. ಕೆಳಗೆ ಇಳಕಲ್ ಸೀರೆಯ ಸೆರಗನ್ನೋ ಬಣ್ಣದ ಕೌದಿಯನ್ನೋ ಹಾಸಿ. ಗಾಜಿಗೆ ಕಾರಿನ ವ್ಯಾಕ್ಸ್ ಪಾಲಿಶ್ ತೆಳ್ಳಗೆ ಉಜ್ಜಿ ಒರೆಸಿದರೆ ನೀರು ಹರಡದೆ ಗುಂಡಗೆ ನಿಲ್ಲುತ್ತದೆ. ಇಂಕ್ ಫಿಲ್ಲರಿನಿಂದ ಹನಿಗಳನ್ನು ಇಡುತ್ತಾ ಹೋಗಿ. ಟೇಬಲ್ ಲ್ಯಾಂಪಿನ ಬೆಳಕು ಹನಿಯ ಮೇಲೆ ಬೀಳುವುದು ಬೇಡ, ಕೆಳಗಿನ ಬಟ್ಟೆಯ ಮೇಲೆ ಬೀಳಲಿ. ಮೇಲಿನಿಂದ ನೋಡಿದರೆ ಪ್ರತಿ ಹನಿಯಲ್ಲೂ ಒಂದೊಂದು ಪುಟ್ಟ ಸೆರಗು.

ಫೋನಿನಲ್ಲಿ ಮ್ಯಾಕ್ರೊಗೆಂದೇ, ಅಂದರೆ ತೀರ ಹತ್ತಿರದ ಚಿತ್ರಕ್ಕೆಂದೇ, ಬೇರೆ 2 ಮೆಗಾಪಿಕ್ಸೆಲ್ ಕ್ಯಾಮೆರಾ ಇದ್ದರೆ ಅದನ್ನು ಮರೆತುಬಿಡಿ. ಮುಖ್ಯ ಕ್ಯಾಮೆರಾದಲ್ಲಿ ಸ್ವಲ್ಪ ದೂರದಿಂದ ತೆಗೆದು ಆಮೇಲೆ ಕತ್ತರಿಸಿಕೊಂಡರೆ ಚಿತ್ರ ಹೆಚ್ಚು ಚೊಕ್ಕಟವಾಗಿರುತ್ತದೆ.

ಇನ್ನು ತೂಗುವ ಹನಿ. ಒಂದು ಗರಿಕೆ ಕಡ್ಡಿಯನ್ನು ಬಟ್ಟೆ ಕ್ಲಿಪ್ಪಿಗೆ ಸಿಕ್ಕಿಸಿ, ಅದರ ತುದಿಗೆ ಸೂಜಿ ತೆಗೆದ ಸಿರಿಂಜಿನಿಂದ ಹನಿ ಹಚ್ಚಿ. ಬರೀ ನೀರು ಬೇಗ ಜಾರುತ್ತದೆ, ಆರುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಗ್ಲಿಸರಿನ್ ಅರ್ಧಕ್ಕರ್ಧ ಬೆರೆಸಿದರೆ ಹನಿ ನೀವು ಫೋಕಸ್ ಮಾಡುವವರೆಗೂ ಕಾಯುತ್ತದೆ. ಹಿಂದೆ ನಾಲ್ಕು ಬೆರಳು ದೂರದಲ್ಲಿ ಒಂದು ಹಳದಿ ಸೇವಂತಿಗೆ ಇಡಿ. ಹನಿ ಭೂತಗನ್ನಡಿಯ ಕೆಲಸ ಮಾಡಿ ಹೂವನ್ನು ತಲೆಕೆಳಗಾಗಿ ತೋರಿಸುತ್ತದೆ. ಸೇವಂತಿಗೆಗೆ ಮೇಲೂ ಒಂದೇ, ಕೆಳಗೂ ಒಂದೇ. ಆದರೆ ಗಣಪತಿಯ ಪಟವನ್ನೋ ಮಗುವಿನ ಫೋಟೊವನ್ನೋ ಇಡುವುದಾದರೆ ಅದನ್ನು ತಲೆಕೆಳಗಾಗಿಯೇ ನಿಲ್ಲಿಸಬೇಕು.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗವಿದೆ. ಹನಿಯ ಅಂಚು ಗರಿಗರಿಯಾಗಿ ಬಂದಿರುತ್ತದೆ, ಒಳಗಿನ ಹೂವು ಮಾತ್ರ ಮಸುಕು. ಫೋಕಸ್ ಸರಿಯಿದೆಯಲ್ಲ ಎಂದು ತಲೆ ಕೆರೆದುಕೊಳ್ಳುತ್ತೀರಿ. ವಿಷಯ ಇಷ್ಟೇ: ಹನಿಯೊಳಗೆ ಕಾಣುವ ಹೂವು ನಿಜವಾಗಿ ಹನಿಯೊಳಗೆ ಇಲ್ಲ. ಬೆಳಕು ಹನಿಯನ್ನು ದಾಟಿ ಬಂದು, ಅದರ ಮುಂಭಾಗದಲ್ಲಿ, ಕ್ಯಾಮೆರಾದ ಕಡೆಗೆ ಒಂದೆರಡು ಮಿಲಿಮೀಟರ್ ಈಚೆ ಕೂಡಿಕೊಳ್ಳುತ್ತದೆ. ಆದ್ದರಿಂದ ಫೋಕಸನ್ನು ಕೂದಲೆಳೆಯಷ್ಟು ನಿಮ್ಮ ಕಡೆಗೆ ತನ್ನಿ. ಅಂಚು, ಹೂವು ಎರಡೂ ಬೇಕೆಂದರೆ ಎರಡು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸಿ.

ಕೆಸುವಿನ ಎಲೆಯ ಮೇಲೂ ಹನಿ ಮುತ್ತಿನಂತೆ ನಿಲ್ಲುತ್ತದಲ್ಲ ಎಂದು ಮಲೆನಾಡಿನ ಓದುಗರು ಕೇಳಬಹುದು. ನಿಲ್ಲುತ್ತದೆ, ಆದರೆ ಉಸಿರು ಬಿಟ್ಟರೆ ಉರುಳಿ ಹೋಗುತ್ತದೆ. ಎಲೆಯ ನಡುವಿನ ತಗ್ಗಿನಲ್ಲಿ ಇಟ್ಟು ನೋಡಿ. ಎಲೆಯನ್ನು ಒರೆಸಬೇಡಿ; ನೀರನ್ನು ದೂರ ಇಡುವ ಮೇಣದ ಪದರ ಬೆರಳಿಗೇ ಅಂಟಿ ಬರುತ್ತದೆ.

ಈಗ ಬೀಳುವ ಹನಿ

ಸಾಮಾನು ಸೇರಿಸೋಣ. ಮ್ಯಾನುವಲ್ ಮೋಡ್ ಇರುವ ಕ್ಯಾಮೆರಾ, ಟ್ರೈಪಾಡ್, ಕ್ಯಾಮೆರಾದಿಂದ ಬೇರ್ಪಡಿಸಿ ಇಡಬಹುದಾದ ಫ್ಲ್ಯಾಶ್, ಶಟರ್ ತೆರೆದಾಗ ಅದನ್ನು ಮಿಂಚಿಸಲು ಒಂದು ಟ್ರಿಗರ್. ಮ್ಯಾಕ್ರೊ ಲೆನ್ಸ್ ಇಲ್ಲದಿದ್ದರೆ 50 ಎಂಎಂ ಲೆನ್ಸಿಗೆ 25 ಎಂಎಂ ಎಕ್ಸ್‌ಟೆನ್ಷನ್ ಟ್ಯೂಬ್ (ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಕೂರುವ ಟೊಳ್ಳು ಉಂಗುರ) ಸಿಕ್ಕಿಸಿ. ನಾಲ್ಕೈದು ಸೆಂಟಿಮೀಟರ್ ಅಗಲದ ಜಾಗ ಚೌಕಟ್ಟಿನ ತುಂಬ ಬರುತ್ತದೆ, ಹನಿಯ ಆಟಕ್ಕೆ ಅಷ್ಟೇ ಬೇಕು. ಕೇಕ್ ಬೇಯಿಸುವ ಕಪ್ಪು ಟ್ರೇ ಇದ್ದರೆ ಒಳ್ಳೆಯದು, ಸ್ಟೀಲ್ ತಟ್ಟೆ ಎಲ್ಲವನ್ನೂ ಪ್ರತಿಫಲಿಸಿ ಕಾಟ ಕೊಡುತ್ತದೆ. ಟ್ರೇಯಲ್ಲಿ ಸೋಪಿನ ಅಂಶ ಉಳಿದಿರಬಾರದು. ಅದು ನೀರಿನ ಮೇಲ್ಮೈಯ ಬಿಗಿಯನ್ನೇ ಸಡಿಲಿಸಿಬಿಡುತ್ತದೆ.

ಹನಿ ಬೀಳಿಸಲು ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸುವ ಡ್ರಿಪ್ ಸೆಟ್‌ಗಿಂತ ಒಳ್ಳೆಯ ಉಪಕರಣವನ್ನು ನಾನು ಕಂಡಿಲ್ಲ. ಮೆಡಿಕಲ್ ಶಾಪಿನಲ್ಲಿ ಹೊಸದನ್ನೇ ಕೊಳ್ಳಿ. ನೀರಿನ ಬಾಟಲಿಯನ್ನು ತಲೆಕೆಳಗಾಗಿ ಎತ್ತರಕ್ಕೆ ಕಟ್ಟಿ, ತಳಕ್ಕೆ ಗಾಳಿಯಾಡಲು ತೂತು ಮಾಡಿ, ಮುಚ್ಚಳಕ್ಕೆ ನಳಿಕೆ ಚುಚ್ಚಿ. ನಳಿಕೆಯ ತುದಿಯನ್ನು ಟ್ರೇಗಿಂತ 40 ಸೆಂಟಿಮೀಟರ್ ಮೇಲೆ ಅಲುಗಾಡದಂತೆ ಬಿಗಿಯಿರಿ. ನಳಿಕೆಯ ಮೇಲಿನ ಚಕ್ರ ತಿರುಗಿಸಿ ಎರಡು ಸೆಕೆಂಡಿಗೊಂದು ಹನಿ ಬೀಳುವಂತೆ ಮಾಡಿ.

ಟ್ರೇಯನ್ನು ಅಂಚಿನವರೆಗೂ ತುಂಬಿಸಿ. ಆಗ ಚಿತ್ರದಲ್ಲಿ ಅಂಚು ಅಡ್ಡ ಬರುವುದಿಲ್ಲ. ಇನ್ನೊಂದು ಉಪಯೋಗವೂ ಇದೆ: ಅಡಿಪಟ್ಟಿಯನ್ನು ಟ್ರೇಯ ಮೇಲೆ ಉದ್ದುದ್ದ, ಅಂದರೆ ಕ್ಯಾಮೆರಾದ ದಿಕ್ಕಿಗೇ ಇಟ್ಟು, ಹನಿ ಅದರ ಮೇಲೆ ಬೀಳುವಂತೆ ಜರುಗಿಸಿ. ಹನಿ ಬಿದ್ದ ಗೆರೆಗೆ ಫೋಕಸ್ ಮಾಡಿ, ಆಟೊಫೋಕಸನ್ನು ಆಫ್ ಮಾಡಿಬಿಡಿ. ಒಂದು ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿ. ಲೆನ್ಸಿನ ಕಿಂಡಿಯನ್ನು ಎಫ್/11ಕ್ಕೆ ಕಿರಿದು ಮಾಡಿದರೂ ಎರಡು ಮೂರು ಗೆರೆ ಮಾತ್ರ ಸ್ಪಷ್ಟವಾಗಿರುತ್ತವೆ. ನಿಮ್ಮ ಕೈಯಲ್ಲಿರುವ ಆಳ ಅಷ್ಟೇ, ಎರಡು ಮೂರು ಮಿಲಿಮೀಟರ್. ಇಲ್ಲಿಂದಾಚೆ ಟ್ರೈಪಾಡನ್ನಾಗಲಿ ನಳಿಕೆಯನ್ನಾಗಲಿ ಯಾರೂ ಮುಟ್ಟಕೂಡದು.

ಕ್ಯಾಮೆರಾದಲ್ಲಿ 1/200 ಸೆಕೆಂಡ್, ಎಫ್/11, ಐಎಸ್‌ಒ 400. ಪರದೆ ಎಳೆದು ದೀಪ ಆರಿಸಿ, ಫ್ಲ್ಯಾಶ್ ಇಲ್ಲದೆ ಒಂದು ಚಿತ್ರ ತೆಗೆಯಿರಿ. ಅದು ಪೂರ್ತಿ ಕಪ್ಪಾಗಿ ಬರಬೇಕು. ಬರದಿದ್ದರೆ ಕೋಣೆಯನ್ನು ಇನ್ನಷ್ಟು ಕತ್ತಲು ಮಾಡಿ. ಈ ಪರೀಕ್ಷೆಯನ್ನು ದಾಟದೆ ಮುಂದೆ ಹೋಗಬೇಡಿ.

ಯಾಕೆ? 40 ಸೆಂಟಿಮೀಟರ್ ಬಿದ್ದ ಹನಿಯ ವೇಗ ಸೆಕೆಂಡಿಗೆ ಸುಮಾರು 2.8 ಮೀಟರ್. 1/200 ಸೆಕೆಂಡಿನಲ್ಲಿ ಅದು 14 ಮಿಲಿಮೀಟರ್ ಸಾಗುತ್ತದೆ. ಹನಿಯ ಗಾತ್ರವೇ ನಾಲ್ಕೈದು ಮಿಲಿಮೀಟರ್. ಶಟರನ್ನು ನಂಬಿದರೆ ಹನಿ ಎಳೆದ ಬೆಲ್ಲದ ಪಾಕದಂತೆ ಬರುತ್ತದೆ. ಅದೇ ಫ್ಲ್ಯಾಶಿನ ಶಕ್ತಿಯನ್ನು 1/32ಕ್ಕೆ ಇಳಿಸಿದರೆ ಬೆಳಕು ಸುಮಾರು 1/10,000 ಸೆಕೆಂಡ್ ಅಥವಾ ಅದಕ್ಕೂ ಕಡಿಮೆ ಹೊತ್ತು ಇರುತ್ತದೆ. ಅಷ್ಟರಲ್ಲಿ ಹನಿ ಜರುಗುವುದು ಒಂದು ಮಿಲಿಮೀಟರಿನ ಕಾಲು ಭಾಗ. ಕೋಣೆ ಕತ್ತಲಾಗಿದ್ದರೆ ಶಟರ್ ತೆರೆದೇ ಇದ್ದರೂ ಚಿತ್ರದಲ್ಲಿ ಮೂಡುವುದು ಆ ಮಿಂಚಿನ ಕ್ಷಣ ಮಾತ್ರ. ಫ್ಲ್ಯಾಶಿನಲ್ಲಿ ಕಡಿಮೆ ಶಕ್ತಿ ಎಂದರೆ ಮೊಟಕಾದ ಬೆಳಕು. ಬೆಳಕು ಸಾಲದೆನಿಸಿದರೆ ಶಕ್ತಿ ಏರಿಸಬೇಡಿ, ಫ್ಲ್ಯಾಶನ್ನೇ ಹತ್ತಿರಕ್ಕೆ ತನ್ನಿ. ಫ್ಲ್ಯಾಶಿನ ಬೆಳಕನ್ನು ಹೆಚ್ಚು ಹೊತ್ತು ಎಳೆಯುವ ಹೈ ಸ್ಪೀಡ್ ಸಿಂಕ್ ಎಂಬ ಆಯ್ಕೆ ಆಫ್ ಆಗಿರಲಿ.

ಫ್ಲ್ಯಾಶನ್ನು ಹನಿಯ ಮುಖಕ್ಕೆ ಹೊಡೆದರೆ ಒಂದು ಕೆಟ್ಟ ಬಿಳಿ ಚುಕ್ಕೆ ಬಿಟ್ಟು ಬೇರೇನೂ ಸಿಗುವುದಿಲ್ಲ. ಟ್ರೇಯ ಹಿಂದೆ ಒಂದು ಗೇಣು ದೂರದಲ್ಲಿ ಟ್ರೇಸಿಂಗ್ ಪೇಪರ್ ನಿಲ್ಲಿಸಿ, ಅದರ ಹಿಂದಿನಿಂದ ಬೆಳಕು ಬಿಡಿ. ಪೇಪರಿಗೆ ನೀಲಿಯೋ ಕಿತ್ತಳೆಯೋ ಜಿಲೇಟಿನ್ ಹಾಳೆ ಅಂಟಿಸಿದರೆ ನೀರೆಲ್ಲ ಆ ಬಣ್ಣಕ್ಕೆ ತಿರುಗುತ್ತದೆ. ಫ್ಲ್ಯಾಶಿಗೆ ಪ್ಲಾಸ್ಟಿಕ್ ಚೀಲ ತೊಡಿಸಿ, ಲೆನ್ಸಿಗೆ ಫಿಲ್ಟರ್ ಇರಲಿ.

ಬೆರಳಿನ ಲಯ

ಲೇಸರ್ ಸೆನ್ಸರ್, ಟೈಮರ್ ಎಲ್ಲ ಮಾರುಕಟ್ಟೆಯಲ್ಲಿವೆ. ಮೊದಲೇ ಕೊಳ್ಳಬೇಡಿ. 40 ಸೆಂಟಿಮೀಟರ್ ಬೀಳಲು ಹನಿಗೆ 0.29 ಸೆಕೆಂಡ್ ಬೇಕು. ಹನಿ ಕಳಚಿದ್ದನ್ನು ಕಣ್ಣು ಕಂಡು, ಬೆರಳು ಒತ್ತಿ, ಶಟರ್ ತೆರೆಯಲು ಹಿಡಿಯುವ ಹೊತ್ತೂ ಹೆಚ್ಚುಕಡಿಮೆ ಅಷ್ಟೇ. ಟ್ರೇಯನ್ನು ನೋಡಬೇಡಿ, ನಳಿಕೆಯ ತುದಿಯನ್ನು ನೋಡಿ. ಹನಿ ಕೈಬಿಟ್ಟ ಕ್ಷಣಕ್ಕೆ ಒತ್ತಿ. ಪ್ರತಿ ಸಲವೂ ತಡವಾಗುತ್ತಿದ್ದರೆ ನಳಿಕೆಯನ್ನು ನಾಲ್ಕು ಬೆರಳು ಮೇಲಕ್ಕೇರಿಸಿ, ಬೇಗವಾಗುತ್ತಿದ್ದರೆ ಇಳಿಸಿ. ಐವತ್ತು ಚಿತ್ರಕ್ಕೆ ಒಂದು ಒಳ್ಳೆಯದು ಬಂದರೆ ನಿಮ್ಮ ಕೈ ಪಳಗಿದೆ ಎಂದೇ ಅರ್ಥ.

ಏನು ಸಿಗುತ್ತದೆ ಎನ್ನುವುದು ನೀರಿನ ಆಳವನ್ನು ನೋಡಿಕೊಂಡಿದೆ. ಮೂರು ಸೆಂಟಿಮೀಟರ್ ಆಳವಿದ್ದರೆ ಹನಿ ಬಿದ್ದು ಗುಂಡಿಯಾಗಿ, ಗುಂಡಿ ಕೂಡಿಕೊಂಡು, ನಡುವಿನಿಂದ ನೀರಿನ ಕಂಬ ಏಳುತ್ತದೆ. ಆ ಕಂಬದ ನೆತ್ತಿಗೆ ಎರಡನೆಯ ಹನಿ ಬಂದು ಬಡಿದರೆ ಕೊಡೆ ಬಿಚ್ಚಿಕೊಳ್ಳುತ್ತದೆ. ಇದು ಬೆರಳಿಗಿಂತ ಅದೃಷ್ಟದ ಕೆಲಸ, ಟೈಮರ್ ಬೇಕಾಗುವುದು ಇಲ್ಲಿಗೆ. ಹನಿ ಬಿದ್ದಲ್ಲಿ ಸುತ್ತಲೂ ಮೊನೆ ಮೊನೆಯಾಗಿ ಚಿಮ್ಮುವ ಕಿರೀಟ ಬೇಕೆಂದರೆ ಆಳದ ನೀರು ಬೇಡ, ತಟ್ಟೆಯಲ್ಲಿ ತೆಳುವಾಗಿ ಹರಡಿದ ಹಾಲಿರಲಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿದ್ದ ಎಂಜಿನಿಯರ್ ಹೆರಾಲ್ಡ್ ಎಡ್ಜರ್ಟನ್ 1957ರಲ್ಲಿ ತೆಗೆದ ಹಾಲಿನ ಕಿರೀಟದ ಚಿತ್ರವನ್ನು ನೀವು ಎಲ್ಲಾದರೂ ನೋಡಿರುತ್ತೀರಿ.

ಆ ಕಿರೀಟದ ಮೊನೆಗಳು ಒಂದೇ ಸಮನಾಗಿ ಬರಲಿಲ್ಲ ಎಂದು ಚಿತ್ರ ಅಳಿಸಿಹಾಕಬೇಡಿ. ಎಡ್ಜರ್ಟನ್‌ಗಿಂತ ಬಹಳ ಮುಂಚೆ ಬ್ರಿಟನ್ನಿನ ಭೌತವಿಜ್ಞಾನಿ ಆರ್ಥರ್ ವರ್ದಿಂಗ್ಟನ್ ಕತ್ತಲೆ ಕೋಣೆಯಲ್ಲಿ ವಿದ್ಯುತ್ ಕಿಡಿಯ ಬೆಳಕಿಗೆ ಹನಿ ಬೀಳುವುದನ್ನು ಕಣ್ಣಿನಿಂದಲೇ ನೋಡಿ ವರ್ಷಗಟ್ಟಲೆ ಚಿತ್ರ ಬರೆದ. ಅವನ ರೇಖಾಚಿತ್ರಗಳಲ್ಲಿ ಕಿರೀಟಗಳೆಲ್ಲ ಅಕ್ಕಸಾಲಿಗರು ಮಾಡಿದಂತೆ ಸಮ. 1894ರಲ್ಲಿ ಕ್ಯಾಮೆರಾದಲ್ಲಿ ಸೆರೆ ಹಿಡಿದಾಗ ನೋಡಿದರೆ ಎಲ್ಲವೂ ಸೊಟ್ಟ, ಮುಕ್ಕು. ತಾನು ಇಷ್ಟು ವರ್ಷ ಕಂಡದ್ದನ್ನು ತಿದ್ದಿಕೊಂಡು ಬರೆಯುತ್ತಿದ್ದೆ ಎಂದು ಅವನಿಗೆ ಆಗ ಗೊತ್ತಾಯಿತು. ನನಗೂ ಸೊಟ್ಟ ಕಿರೀಟಗಳೇ ಇಷ್ಟ.

ಹಾಲು ಬಳಸಿದ ರಾತ್ರಿಯೇ ಡ್ರಿಪ್ ಸೆಟ್ಟಿಗೆ ಬಿಸಿನೀರು ಹರಿಸಿ ತೊಳೆದಿಡಿ. ನಾನೊಮ್ಮೆ ಮರೆತು ಮಲಗಿದೆ. ಮೂರನೆಯ ದಿನ ಆ ನಳಿಕೆಯೊಳಗೆ ಮೊಸರಾಗಿತ್ತು, ಟ್ರೇ ಮತ್ತೆ ನನ್ನ ಕೈಗೆ ಸಿಗಲು ಒಂದು ಹಬ್ಬ ಕಳೆಯಬೇಕಾಯಿತು.