ತಲೆ, ಮುಖದ ಅಳತೆಯಿಂದ ಎತ್ತರ ಅಂದಾಜು ಮಾಡುವುದು ಹೇಗೆ

ಮೊದಲೇ ಹೇಳಿಬಿಡುತ್ತೇನೆ, ತೊಡೆಮೂಳೆ ಸಿಕ್ಕರೆ ಫೊರೆನ್ಸಿಕ್ ತಜ್ಞರು ಎತ್ತರಕ್ಕಾಗಿ ತಲೆಬುರುಡೆ ಅಳೆಯಲು ಹೋಗುವುದಿಲ್ಲ. ಬೇರೇನೂ ಸಿಗದಿದ್ದಾಗ ಮಾತ್ರ ತಲೆಯ ಲೆಕ್ಕ. ಯಾಕೆಂದರೆ ಎತ್ತರ ಬರುವುದು ಕಾಲು ಮತ್ತು ಬೆನ್ನಿನಿಂದ. ತಲೆ ಆರೇಳು ವರ್ಷಕ್ಕೇ ಬಹುಪಾಲು ಬೆಳೆದಿರುತ್ತದೆ, ಕಾಲು ಹದಿಹರೆಯದಲ್ಲೂ ಉದ್ದವಾಗುತ್ತಲೇ ಇರುತ್ತದೆ. ಹಾಗಾಗಿ ಇಲ್ಲಿ ಸಿಗುವುದು ಒಂದು ಅಂದಾಜು, ಅಷ್ಟೇ.

ಸುಲಭದ ದಾರಿ ಚಿತ್ರಕಾರರದ್ದು. ವ್ಯಕ್ತಿಯನ್ನು ಗೋಡೆಗೆ ನಿಲ್ಲಿಸಿ, ನೆತ್ತಿಯ ಮೇಲೆ ಒಂದು ಪುಸ್ತಕ, ಗಲ್ಲದ (ಗದ್ದದ) ಕೆಳಗೆ ಒಂದು ಸ್ಕೇಲು ಅಡ್ಡ ಹಿಡಿದು, ಎರಡರ ನಡುವಿನ ಅಂತರ ಅಳೆಯಿರಿ. ಅದನ್ನು 7.5ರಿಂದ ಗುಣಿಸಿ. 22 ಸೆಂ.ಮೀ. ಬಂದರೆ 165 ಸೆಂ.ಮೀ. ಎತ್ತರ. ಆದರೆ ಅಳತೆ 1 ಸೆಂ.ಮೀ. ತಪ್ಪಿದರೆ ಉತ್ತರ 7.5 ಸೆಂ.ಮೀ. ತಪ್ಪುತ್ತದೆ! ಮಕ್ಕಳಿಗಂತೂ ಇದನ್ನು ಬಳಸಲೇಬೇಡಿ, ಹುಟ್ಟಿದ ಮಗುವಿನ ಎತ್ತರ ಸುಮಾರು ನಾಲ್ಕು ತಲೆಯಷ್ಟೇ ಇರುತ್ತದೆ. ನಮ್ಮ ಶಿಲ್ಪಿಗಳ ಅಳತೆಯ ಪದ್ಧತಿಯಾದ ತಾಲಮಾನದಲ್ಲಿ ಕೂದಲಂಚಿನಿಂದ ಗಲ್ಲದವರೆಗೆ 12 ಅಂಗುಲ, ಅಂದರೆ ಒಂದು ತಾಲ. ನವತಾಲದ, ಅಂದರೆ ಒಂಬತ್ತು ತಾಲದ ಪ್ರತಿಮೆ 108 ಅಂಗುಲ. ಅದು ವಿಗ್ರಹ ಕೆತ್ತಲು ಇರುವ ನಿಯಮ. ಬದುಕಿರುವವರಿಗೆ ಹಾಕಲು ಹೋದರೆ, ಕೂದಲು ಉದುರಿ ಹಣೆ ದೊಡ್ಡದಾದವರೆಲ್ಲ ಲೆಕ್ಕದಲ್ಲಿ ಉದ್ದವಾಗಿಬಿಡುತ್ತಾರೆ.

ಸರಿಯಾಗಿ ಮಾಡಬೇಕೆಂದರೆ ಸೂತ್ರ ನೀವೇ ಕಟ್ಟಿಕೊಳ್ಳಿ. ಬೇರೆ ಜನರ ಸೂತ್ರ ಎತ್ತಿಕೊಳ್ಳಬೇಡಿ, ದೇಹದ ಪ್ರಮಾಣ ಎಲ್ಲ ಕಡೆ ಒಂದೇ ಇರುವುದಿಲ್ಲ ಅಲ್ವಾ. ತೊಡೆಮೂಳೆಯಿಂದ ಎತ್ತರ ಲೆಕ್ಕ ಹಾಕಲಿಕ್ಕೇ ಟ್ರಾಟರ್ ಮತ್ತು ಗ್ಲೆಸರ್ ಎಂಬ ಸಂಶೋಧಕರು 1952ರಲ್ಲಿ ಅಮೆರಿಕದ ಬಿಳಿಯರಿಗೆ, ಕರಿಯರಿಗೆ, ಗಂಡಸರಿಗೆ, ಹೆಂಗಸರಿಗೆ ಅಂತ ಬೇರೆ ಬೇರೆ ಸೂತ್ರ ಕೊಡಬೇಕಾಯಿತು.

ನಿಮ್ಮ ಕಡೆಯ ವಯಸ್ಕರನ್ನು ಆರಿಸಿ, ಗಂಡಸರು ಐವತ್ತು, ಹೆಂಗಸರು ಐವತ್ತು ಇದ್ದರೆ ಒಳ್ಳೆಯದು. ಜಾಸ್ತಿ ಇದ್ದಷ್ಟೂ ಲಾಭ. ಎಲ್ಲರನ್ನೂ ದಿನದ ಒಂದೇ ಹೊತ್ತಿನಲ್ಲಿ ಅಳೆಯಿರಿ, ಸಂಜೆಯ ಹೊತ್ತಿಗೆ ಬೆನ್ನುಮೂಳೆ ಒತ್ತಿ ಎತ್ತರ ಒಂದು ಸೆಂಟಿಮೀಟರ್‌ನಷ್ಟು ಇಳಿಯುತ್ತದೆ. ಚಪ್ಪಲಿ ತೆಗೆಸಿ, ಜಡೆ, ತುರುಬು ಬಿಚ್ಚಿಸಿ. ಕಣ್ಣುಗುಳಿಯ ಕೆಳ ಅಂಚು ಮತ್ತು ಕಿವಿರಂಧ್ರದ ಮೇಲಂಚು ನೆಲಕ್ಕೆ ಸಮವಾಗಿ ಒಂದೇ ಗೆರೆಯಲ್ಲಿರಬೇಕು. ಗಲ್ಲ ಸ್ವಲ್ಪ ಎತ್ತಿದರೂ ಅಳತೆ ಕೆಡುತ್ತದೆ.

ತಲೆಯ ಸುತ್ತಳತೆಗೆ ಟೇಪನ್ನು ಹುಬ್ಬಿನ ಮೇಲಿನಿಂದ ಹಿಂಬದಿ ಹೆಚ್ಚು ಉಬ್ಬಿದ ಜಾಗದ ಮೇಲೆ ಹಾಯಿಸಿ, ಕೂದಲು ಒತ್ತುವಷ್ಟು ಬಿಗಿಯಾಗಿ ಸುತ್ತಿ. ತಲೆಯ ಉದ್ದ ಎಂದರೆ ಹುಬ್ಬುಗಳ ನಡುವಿನಿಂದ ಹಿಂದಿನ ಅದೇ ಉಬ್ಬಿನವರೆಗೆ ನೇರ ಅಂತರ, ಇದಕ್ಕೆ ಬಾಗಿದ ತೋಳಿನ ಕ್ಯಾಲಿಪರ್ ಎಂಬ ಅಳತೆಯ ಉಪಕರಣ ಬೇಕು. ಮುಖದ ಉದ್ದವನ್ನು ಕಣ್ಣುಗಳ ನಡುವಿನ ಮೂಗಿನ ಬುಡದಿಂದ ಗಲ್ಲದ ತಳದವರೆಗೆ, ಬಾಯಿ ಮುಚ್ಚಿಸಿ, ಹಲ್ಲು ಕೂಡಿಸಿ ತೆಗೆದುಕೊಳ್ಳಿ. ಪ್ರತಿಯೊಂದನ್ನೂ ಎರಡು ಸಲ ಅಳೆದು ಸರಾಸರಿ ಬರೆಯಿರಿ.

ಗಂಡಸರದ್ದು, ಹೆಂಗಸರದ್ದು ಬೇರೆ ಬೇರೆ ಹಾಳೆಯಲ್ಲಿ ಇರಲಿ, ಕಲಸಿದರೆ ತಲೆಗೂ ಎತ್ತರಕ್ಕೂ ನಿಜಕ್ಕಿಂತ ಗಟ್ಟಿ ಸಂಬಂಧ ಇದ್ದಂತೆ ಕಾಣುತ್ತದೆ. ಎಕ್ಸೆಲ್‌ನಲ್ಲಿ ಸ್ಲೋಪ್ (SLOPE), ಇಂಟರ್‌ಸೆಪ್ಟ್ (INTERCEPT) ಎಂಬ ಫಂಕ್ಷನ್‌ಗಳಿವೆ, ಅವಕ್ಕೆ ಮೊದಲು ಎತ್ತರದ ಸಾಲು, ಆಮೇಲೆ ಸುತ್ತಳತೆಯ ಸಾಲು ಕೊಡಿ. ಸುತ್ತಳತೆಯನ್ನು ಸ್ಲೋಪ್‌ನಿಂದ ಗುಣಿಸಿ ಇಂಟರ್‌ಸೆಪ್ಟ್ ಕೂಡಿಸಿದರೆ ಎತ್ತರ ಬರುತ್ತದೆ. ಎಸ್‌ಟಿಇವೈಎಕ್ಸ್ (STEYX) ಫಂಕ್ಷನ್ ತಪ್ಪಿನ ಪ್ರಮಾಣ ಕೊಡುತ್ತದೆ, ಇದನ್ನು ಮಾತ್ರ ಬಿಡಬೇಡಿ. ಅದು 6 ಬಂತು, ಅಂದಾಜು 160 ಬಂತು ಅನ್ನಿ, ಆಗ ಅದರ ಎರಡು ಪಟ್ಟು, ಅಂದರೆ 12, ಎರಡೂ ಕಡೆ ಬಿಟ್ಟು "148ರಿಂದ 172ರೊಳಗೆ" ಎಂದೇ ಬರೆಯಬೇಕು. ಸುಮ್ನೆ 160 ಎಂದು ಬರೆದರೆ, ಅದನ್ನು ನಂಬಿ ಕಾಣೆಯಾದವರನ್ನು ಹುಡುಕುವವರು ಸರಿಯಾದ ಹೆಸರನ್ನೇ ಪಟ್ಟಿಯಿಂದ ಹೊಡೆದುಹಾಕಬಹುದು.