ಕೋಲಾರ, ತುಮಕೂರು ಸೀಮೆಯಲ್ಲಿ ಬೋಧಕ ಮೂಳೆ ಶಸ್ತ್ರಚಿಕಿತ್ಸಕರಾಗುವುದು ಹೇಗೆ?

ಮೂಳೆ ಶಸ್ತ್ರಚಿಕಿತ್ಸೆಯ ಜೊತೆಗೆ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುತ್ತ, ಸಂಶೋಧನೆಯನ್ನೂ ನಡೆಸಬೇಕೆಂದಿರುವವರು ಮೊದಲು ವರ್ಷಗಳ ಲೆಕ್ಕ ಹಾಕಿಕೊಳ್ಳಬೇಕು. ಎಂ.ಬಿ.ಬಿ.ಎಸ್. ನಾಲ್ಕೂವರೆ ವರ್ಷ, ಹೌಸ್ ಸರ್ಜನ್ಸಿ ಎಂಬ ಆಸ್ಪತ್ರೆ ತರಬೇತಿ ಒಂದು ವರ್ಷ, ನೀಟ್ ಪಿ.ಜಿ. ಪ್ರವೇಶ ಪರೀಕ್ಷೆಯ ಮೂಲಕ ಸಿಗುವ ಎಂ.ಎಸ್. ಎಂಬ ಸ್ನಾತಕೋತ್ತರ (ಪಿ.ಜಿ.) ಪದವಿ ಮೂರು ವರ್ಷ, ಆಮೇಲೆ ಬೋಧನಾ ಆಸ್ಪತ್ರೆಯಲ್ಲಿ ಸೀನಿಯರ್ ರೆಸಿಡೆಂಟ್ ವೈದ್ಯರಾಗಿ ಒಂದು ವರ್ಷ: ಎಲ್ಲಿಯೂ ತಡವಾಗದಿದ್ದರೂ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಅರ್ಹತೆಗೆ ಒಂಬತ್ತೂವರೆ ವರ್ಷ ಹಿಡಿಯುತ್ತದೆ.

ಪಿ.ಜಿ. ಸೀಟು ಆರಿಸುವಾಗ ಬೆಂಗಳೂರಿನ ಹೆಸರೊಂದನ್ನೇ ನೋಡಬೇಡಿ. ಕೋಲಾರದ ಟಮಕದಲ್ಲಿರುವ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜು, ತುಮಕೂರಿನ ಶ್ರೀ ಸಿದ್ಧಾರ್ಥ ವೈದ್ಯಕೀಯ ಕಾಲೇಜುಗಳಂಥ ಕಡೆ ಹೆದ್ದಾರಿ ಅಪಘಾತದ ಗಾಯಾಳುಗಳೂ ತೆಂಗಿನ ಮರದಿಂದಲೋ ಮಾವಿನ ಮರದಿಂದಲೋ ಬಿದ್ದವರೂ ನೇರವಾಗಿ ಬರುತ್ತಾರೆ. ವಿದ್ಯಾರ್ಥಿಗೆ ಅಲ್ಲಿ ಸ್ವತಃ ಕೈ ಹಾಕಲು ಎಷ್ಟು ಅವಕಾಶ ಸಿಗುತ್ತದೆ ಎಂಬುದನ್ನು ಸೇರುವ ಮೊದಲೇ ಅಲ್ಲಿನ ಹಿರಿಯ ಪಿ.ಜಿ.ಗಳಲ್ಲಿ ವಿಚಾರಿಸುವುದು ಒಳ್ಳೆಯದು.

ಮೊದಲ ವರ್ಷ ಬಹುಪಾಲು ವಾರ್ಡಿನಲ್ಲೂ ಪ್ಲಾಸ್ಟರ್ ಕೋಣೆಯಲ್ಲೂ ಕಳೆಯುತ್ತದೆ. ಅದನ್ನು ಕೀಳೆಂದು ಎಣಿಸಬಾರದು. ಮುರಿದ ಮೂಳೆಗೆ ನಾಟಿ ವೈದ್ಯರು ಹಾಕುವ ಆಂಧ್ರದ ಪುತ್ತೂರು ಕಟ್ಟು ನಮ್ಮ ಸೀಮೆಯ ಮನೆಮನೆಗೂ ಗೊತ್ತು. ಬಿಗಿಯಾದ ಕಟ್ಟಿನ ಕೆಳಗೆ ಬೆರಳು ಊದಿಕೊಂಡ ಮಗುವೊಂದು ಬಂದಾಗ, ಆ ಬೆರಳುಗಳನ್ನು ಮೆಲ್ಲನೆ ನೆಟ್ಟಗೆ ಚಾಚಿ ನೋಡಿ. ಮಗು ಚೀರಿದರೆ, ಮಣಿಕಟ್ಟಿನ ನಾಡಿ ಸಿಗುತ್ತಿದೆಯೆಂದು ಸಮಾಧಾನಪಡದೆ ಕಟ್ಟನ್ನು ಚರ್ಮ ಕಾಣುವವರೆಗೆ ಕತ್ತರಿಸಿ ಹಿರಿಯರನ್ನು ಕರೆಯಿರಿ. ಸ್ನಾಯುಗಳೊಳಗಿನ ಒತ್ತಡ ಏರಿದರೂ ನಾಡಿ ಬಹಳ ಹೊತ್ತು ಸಿಗುತ್ತಲೇ ಇರುತ್ತದೆ. ಮುಂದೆ ನೀವು ಪಾಠ ಹೇಳುವಾಗಲೂ ಇದನ್ನು ಹಲಗೆಯ ಮೇಲೆ ಬರೆಯುವುದಕ್ಕಿಂತ ಮಂಚದ ಪಕ್ಕದಲ್ಲಿ ತೋರಿಸುವುದೇ ಮೇಲು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ (ಓ.ಟಿ.) ಸಿ-ಆರ್ಮ್ ಎಂಬ ಎಕ್ಸ್-ರೇ ಯಂತ್ರ ನಡೆಯುವಾಗ ಸೀಸದ ಏಪ್ರನ್ ಜೊತೆಗೆ ಥೈರಾಯ್ಡ್ ಕವಚವನ್ನೂ ಧರಿಸಿ. ಚದುರುವ ವಿಕಿರಣ ಎಕ್ಸ್-ರೇ ಟ್ಯೂಬಿನ ಕಡೆಗೇ ಹೆಚ್ಚಿರುವುದರಿಂದ ಆ ಬದಿಯಲ್ಲಿ ನಿಲ್ಲಬೇಡಿ.

ಇತರರಿಂದ ನಿಮ್ಮನ್ನು ಬೇರೆಯಾಗಿಸುವುದು ಥೀಸಿಸ್. ಗೈಡ್ ಕೊಟ್ಟ ಹಳೆಯ ವಿಷಯವನ್ನೇ ಒಪ್ಪಿಕೊಂಡು, ಮೂಳೆ ಜೋಡಿಸುವ ಅದೇ ಪ್ಲೇಟಿನ ಫಲಿತಾಂಶವನ್ನು ಮತ್ತೊಮ್ಮೆ ಎಣಿಸುವ ರೂಢಿ ನನಗೆ ವ್ಯರ್ಥವೆನಿಸುತ್ತದೆ. ಒ.ಪಿ.ಡಿ.ಯಲ್ಲಿಯೇ ವಿಷಯಗಳಿವೆ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಹಲ್ಲು ಕಂದುವುದಷ್ಟೇ ಅಲ್ಲ, ಸೇವನೆ ಇನ್ನೂ ಹೆಚ್ಚಾದರೆ ಮೂಳೆಗಳನ್ನು ಬಿಗಿದಿಡುವ ಅಸ್ಥಿರಜ್ಜುಗಳು ಗಟ್ಟಿಯಾಗಿ ಬೆನ್ನು ಬಾಗದಂತಾಗುತ್ತದೆ. ಅಂಥ ಮೂಳೆ ಮುರಿದಾಗ ಕೂಡಿಕೊಳ್ಳುವ ಬಗೆ ಹೇಗೆ, ಕಟ್ಟು ಕಟ್ಟಿಸಿಕೊಂಡು ತಡವಾಗಿ ಬಂದವರ ಗತಿ ಏನು ಎಂಬ ಪ್ರಶ್ನೆಗಳಿಗೆ ಇಲ್ಲಿ ಕುಳಿತೇ ಉತ್ತರ ಹುಡುಕಬೇಕು. ನೈತಿಕ ಸಮಿತಿಯ ಅನುಮತಿ ಬರುವ ಮೊದಲು ಒಬ್ಬ ರೋಗಿಯನ್ನೂ ಅಧ್ಯಯನಕ್ಕೆ ಸೇರಿಸಬೇಡಿ. ಒಪ್ಪಿಗೆ ಪತ್ರ ಕನ್ನಡದಲ್ಲಿದ್ದರೆ ಸಾಲದು, ಗಡಿ ತಾಲ್ಲೂಕುಗಳವರಿಗಾಗಿ ತೆಲುಗಿನಲ್ಲೂ ಇರಲಿ. ಮರುತಪಾಸಣೆಯ ದಿನಾಂಕವನ್ನು ರಾಗಿ ಕುಯ್ಲು, ಮಾವಿನ ಕೊಯ್ಲುಗಳ ಸಮಯದಲ್ಲಿ ಇಟ್ಟರೆ ರೋಗಿ ಬರುವುದಿಲ್ಲ. ಆದ್ದರಿಂದ ಊರು, ಹೋಬಳಿ, ಪಕ್ಕದ ಮನೆಯವರ ಫೋನ್ ನಂಬರ್ ಎಲ್ಲವನ್ನೂ ಮೊದಲ ದಿನವೇ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಮೂರು ವರ್ಷದ ಕೊನೆಗೆ ಲೇಖನವಾಗುವುದು ಈ ಪುಸ್ತಕವೇ.

ಬೆನ್ನುಮೂಳೆ, ಕೀಲು ಬದಲಾವಣೆ, ಮಕ್ಕಳ ಮೂಳೆ ಮುಂತಾದವುಗಳಲ್ಲಿ ಫೆಲೋಶಿಪ್ ಮಾಡುವುದಾದರೆ ಸೀನಿಯರ್ ರೆಸಿಡೆನ್ಸಿ ಮುಗಿಸಿಕೊಂಡು ಹೊರಡಿ, ಅರ್ಹತೆಯ ಲೆಕ್ಕ ಕೆಡುವುದಿಲ್ಲ.

ಸಹ ಪ್ರಾಧ್ಯಾಪಕರಾಗಲು ನಾಲ್ಕು ವರ್ಷದ ಬೋಧನಾನುಭವ, ಪ್ರಕಟಿತ ಲೇಖನಗಳು, ವೈದ್ಯಕೀಯ ಶಿಕ್ಷಣ ತಂತ್ರದ ಮತ್ತು ಸಂಶೋಧನೆಯ ಪ್ರಾಥಮಿಕ ಕೋರ್ಸುಗಳು ಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗದ (ಎನ್.ಎಂ.ಸಿ.) ನಿಯಮಗಳು ಆಗಾಗ ತಿದ್ದುಪಡಿಯಾಗುವುದರಿಂದ ಅರ್ಜಿ ಹಾಕುವ ವರ್ಷದ ಅಧಿಸೂಚನೆಯನ್ನೇ ಓದಿ. ಲೇಖನ ಕಳಿಸುವ ಪತ್ರಿಕೆ ಮಾನ್ಯ ಸೂಚಿಯಲ್ಲಿದೆಯೇ ಎಂದು ನೋಡಿಕೊಳ್ಳಿ. ದುಡ್ಡು ಕಟ್ಟಿದರೆ ವಾರದೊಳಗೆ ಅಚ್ಚು ಹಾಕುವ ಪತ್ರಿಕೆಗಳ ಲೇಖನ ಬಡ್ತಿಯ ಪರಿಶೀಲನೆಯಲ್ಲಿ ಬಿದ್ದುಹೋಗಬಹುದು.