ಮೊದಲು ಹಸಿವು, ಆಮೇಲೆ ಹಿಟ್ ಪಾಯಿಂಟ್

ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಎಸೆಯುತ್ತಾ ಸಾಹಸದ ಕಥೆ ಆಡುವ ಆಟಕ್ಕೆಂದು ನಾನು ಪ್ರಾಣಿಗಳನ್ನು ರೂಪಿಸುತ್ತೇನೆ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದೊಂದು ಪ್ರಾಣಿಗೆ ಒಂದೊಂದು ಪುಟ. ಮೇಲೆ ಹೆಸರು, ಅದರ ಕೆಳಗೆ ನಾಲ್ಕು ಸಾಲು: ಅದಕ್ಕೆ ಏನು ಬೇಕು, ಎದುರಿಗೆ ಯಾರಿದ್ದಾರೆಂದು ಅದಕ್ಕೆ ಹೇಗೆ ಗೊತ್ತಾಗುತ್ತದೆ, ಯಾವಾಗ ಮೇಲೆ ಬೀಳುತ್ತದೆ, ಯಾವಾಗ ಓಡಿಹೋಗುತ್ತದೆ. ಹಿಟ್ ಪಾಯಿಂಟ್ (ಎಷ್ಟು ಏಟು ತಾಳಬಲ್ಲದು), ರಕ್ಷಣೆಯ ಅಂಕೆ (ಅದಕ್ಕೆ ಏಟು ತಾಗಿಸುವುದು ಎಷ್ಟು ಕಷ್ಟ), ಗಾಯದ ದಾಳ (ಅದರ ಏಟು ಎಷ್ಟು ಜೋರು) ಇವೆಲ್ಲ ಪುಟದ ತಳದಲ್ಲಿ, ಪೆನ್ಸಿಲ್ಲಿನಲ್ಲಿ. ಈ ಕ್ರಮವನ್ನು ನನಗೆ ಕಲಿಸಿದ್ದು ತೋಳಗಳು.

ಹನ್ನೆರಡು ವರ್ಷಗಳಿಂದ ಅದೇ ಐದು ಮಂದಿ ಗೆಳೆಯರಿಗೆ, ಕಥೆ ಹೇಳುತ್ತಾ ಎದುರಾಳಿಗಳನ್ನೆಲ್ಲ ಆಡಿಸುವ ಗೇಮ್ ಮಾಸ್ಟರ್ ಆಗಿ ಆಟ ನಡೆಸುತ್ತಿದ್ದೇನೆ. ಮೊದಲ ವರ್ಷ ಹಿಮ ತುಂಬಿದ ಕಣಿವೆಯೊಂದರಲ್ಲಿ ಅವರ ಮೇಲೆ ಆರು ತೋಳಗಳನ್ನು ಬಿಟ್ಟೆ. ಆರೂ ಒಟ್ಟಿಗೆ ನುಗ್ಗಿದವು, ಒಂದಾದ ಮೇಲೆ ಒಂದು ಸತ್ತವು. ಕೊನೆಯದು ಉರುಳಿದಾಗ ಬಿಲ್ಲುಗಾರ್ತಿಯ ಪಾತ್ರ ಆಡುತ್ತಿದ್ದ ಗೆಳತಿ ಕೇಳಿದಳು: "ಜೊತೆಯವು ಐದೂ ಸತ್ತ ಮೇಲೆ ಇದೊಂದು ಯಾಕೆ ಓಡಲಿಲ್ಲ?" ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನಾನು ಆಡಿಸಿದ್ದು ತೋಳಗಳನ್ನಲ್ಲ, ತೋಳದ ಚರ್ಮ ಹೊದ್ದ ಅಂಕೆಗಳನ್ನು.

ನಿಜವಾದ ತೋಳಗಳು ನಡೆಸುವ ಬೇಟೆಗಳಲ್ಲಿ ಹೆಚ್ಚಿನವು ಸೋಲಿನಲ್ಲೇ ಮುಗಿಯುತ್ತವೆ. ಅವು ಮಿಕವನ್ನು ಮೊದಲು ಪರೀಕ್ಷಿಸುತ್ತವೆ. ದೊಡ್ಡ ಕೊಂಬಿನ ಪ್ರಾಣಿ ಕಾಲೂರಿ ನಿಂತರೆ ಸುತ್ತ ಸುಳಿದಾಡಿ ಹೊರಟುಹೋಗುವುದೂ ಉಂಟು. ಓಡತೊಡಗಿದರೆ, ಕುಂಟಿದರೆ, ಹಿಂಡಿನಿಂದ ದೂರವಾದರೆ ಬೆನ್ನು ಹತ್ತುತ್ತವೆ. ಒಂದು ಗೊರಸಿನ ಒದೆತಕ್ಕೆ ಪಕ್ಕೆಲುಬು ಮುರಿದರೆ ಮುಂದಿನ ವಾರದ ಹಸಿವೇ ತೋಳವನ್ನು ಕೊಲ್ಲುತ್ತದೆ. ಹಾಗಾಗಿ ಅದಕ್ಕೆ ಪಂದ್ಯ ಗೆಲ್ಲುವ ಹಟವಿಲ್ಲ. ಇದನ್ನು ನಿಯಮವಾಗಿ ಬರೆಯುವುದು ಸುಲಭ. ಬೆನ್ನಿಗೆ ಬೆನ್ನು ಕೊಟ್ಟು ನಿಂತವರ ಮೇಲೆ ನನ್ನ ತೋಳಗಳು ಎರಗುವುದಿಲ್ಲ. ಓಡಿದವರ, ಗಾಯಗೊಂಡವರ, ಗುಂಪಿನಿಂದ ಎರಡು ಹೆಜ್ಜೆ ಹೆಚ್ಚು ದೂರವಿರುವವರ ಮೇಲೆ ಮಾತ್ರ ಎರಗುತ್ತವೆ. ಎರಡು ತೋಳಗಳಿಗೆ ಗಾಯವಾದರೆ ಹಿಂಡು ಹಿಂದೆ ಸರಿದು, ಕತ್ತಲಾಗುವವರೆಗೆ ದೂರದಿಂದಲೇ ಹಿಂಬಾಲಿಸುತ್ತದೆ. ಮುಂದಿನ ಚಳಿಗಾಲದ ಅಧ್ಯಾಯದಲ್ಲಿ ಇದೇ ನಿಯಮ ಬಳಸಿದೆ. ಗಾಯಗೊಂಡ ಮಂತ್ರವಾದಿಯನ್ನು ನಡುವೆ ಇಟ್ಟುಕೊಂಡು ನಮ್ಮವರು ಇಡೀ ರಾತ್ರಿ ನಡೆದರು. ಕತ್ತಿ ಒರೆಯಿಂದ ಹೊರಬಂದದ್ದು ಎರಡೇ ಬಾರಿ.

ಓಡಿಹೋಗುವ ಸಾಲನ್ನು ಊಹೆಗೆ ಬಿಡಬೇಡಿ, ದಾಳಕ್ಕೆ ಕೊಡಿ. ಇಂಥದ್ದೇ ಆಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 1981ರ ಬೇಸಿಕ್ ಆವೃತ್ತಿಯಲ್ಲಿ ಪ್ರತಿ ಜೀವಿಗೂ 2ರಿಂದ 12ರವರೆಗಿನ ಒಂದು ಧೈರ್ಯದ ಅಂಕೆ ಇತ್ತು. ಎರಡು ಆರುಮುಖದ ದಾಳ ಎಸೆದು, ಮೊತ್ತ ಆ ಅಂಕೆಯನ್ನು ಮೀರಿದರೆ ಜೀವಿ ಕಾದಾಟ ಬಿಡುತ್ತದೆ. ನೀವು ಯಾವುದೇ ಆಟ ಆಡುತ್ತಿರಿ, ಈ ಒಂದು ಸಾಲನ್ನು ಎರವಲು ತನ್ನಿ. ನನ್ನ ತೋಳಕ್ಕೆ 6. ಮರಿ ಜೊತೆಗಿರುವ ಯಾವ ತಾಯಿಗಾದರೂ 12, ಅಂದರೆ ಅದು ಓಡುವ ಪ್ರಶ್ನೆಯೇ ಇಲ್ಲ.

ಈಗ ಒಂದು ಪುಟವನ್ನು ಮೊದಲಿನಿಂದ ಕೊನೆಯವರೆಗೆ ಬರೆದು ತೋರಿಸುತ್ತೇನೆ. ಪ್ರಾಣಿ: ನೀರಾನೆ. ಹೊಸ ಗೇಮ್ ಮಾಸ್ಟರ್‌ಗಳಿಗೆ ನಾನು ಮೊದಲು ಕೊಡುವುದು ಇದನ್ನೇ, ಯಾಕೆಂದರೆ ಡ್ರ್ಯಾಗನ್‌ಗೆ ಹೆದರುವ ಆಟಗಾರರು ಇದಕ್ಕೆ ಹೆದರುವುದಿಲ್ಲ.

ಏನು ಬೇಕು? ರಾತ್ರಿ ಹುಲ್ಲು, ಸುಮಾರು 40 ಕಿಲೋ. ಹಗಲು ನೀರು. ಮನುಷ್ಯರ ಮಾಂಸ ಅದಕ್ಕೆ ಬೇಡ. ಹೇಗೆ ಗೊತ್ತಾಗುತ್ತದೆ? ಕಣ್ಣು, ಕಿವಿ, ಮೂಗಿನ ಹೊಳ್ಳೆ ಮೂರೂ ತಲೆಯ ಮೇಲ್ಭಾಗದಲ್ಲಿರುವುದರಿಂದ ಮೈಯೆಲ್ಲ ಮುಳುಗಿಸಿಕೊಂಡೇ ಅದು ದಡವನ್ನು ಗಮನಿಸುತ್ತಿರುತ್ತದೆ. ಯಾವಾಗ ಮೇಲೆ ಬೀಳುತ್ತದೆ? ತನ್ನ ನೀರಿನ ಪಾಲಿಗೆ ಯಾರಾದರೂ ದೋಣಿ ತಂದಾಗ, ಅಥವಾ ದಡದಲ್ಲಿ ತನಗೂ ನೀರಿಗೂ ನಡುವೆ ಯಾರಾದರೂ ನಿಂತಾಗ. ಯಾವಾಗ ಓಡಿಹೋಗುತ್ತದೆ? ನೀರಿಗೆ ದಾರಿ ಸಿಕ್ಕ ಕ್ಷಣ.

ಕೊನೆಯ ಎರಡು ಉತ್ತರಗಳಲ್ಲೇ ಇಡೀ ದೃಶ್ಯವಿದೆ. ನಸುಕಿನಲ್ಲಿ ಮೇದು ಹಿಂದಿರುಗುತ್ತಿರುವ ಗಂಡು ನೀರಾನೆ, ನದಿಯಂಚಿನಲ್ಲಿ ಡೇರೆ ಹಾಕಿ ಮಲಗಿರುವ ನಿಮ್ಮ ಸಾಹಸಿಗರು. ಡೇರೆಯ ಪಕ್ಕದಲ್ಲೇ ಹುಲ್ಲು ತುಳಿದು ಸವೆದ ಅಗಲವಾದ ದಾರಿಯೊಂದಿದೆ ಎಂದು ಹಿಂದಿನ ಸಂಜೆಯೇ ಹೇಳಿರಬೇಕು. ಹೇಳದೆ ಹೊಡೆಯುವುದು ನ್ಯಾಯವಲ್ಲ. ಮೊದಲ ಸುತ್ತಿನಲ್ಲಿ, ಎಂದರೆ ಎಲ್ಲರಿಗೂ ಒಂದೊಂದು ಸರದಿ ಸಿಗುವ ಹೊತ್ತಿನಲ್ಲಿ, ಅದು ದಾಳಿ ಮಾಡುವುದಿಲ್ಲ, ಬಾಯಿ ತೆರೆಯುತ್ತದೆ. ಸುಮಾರು 150 ಡಿಗ್ರಿ ತೆರೆಯುವ ಬಾಯಿ, ಅರ್ಧ ಮೀಟರ್‌ವರೆಗೆ ಬೆಳೆಯುವ ಕೋರೆಹಲ್ಲು. ಇದನ್ನು ವಿವರಿಸುವಾಗ ನಾನು ಎರಡೂ ಮೊಣಕೈಗಳನ್ನು ಮೇಜಿಗೆ ಊರಿ ಅಂಗೈಗಳನ್ನು ದೂರ ಸರಿಸುತ್ತೇನೆ. ಆಟಗಾರರು ಅಕ್ಕಪಕ್ಕ ಸರಿದರೆ ಅದು ಗುಡುಗುತ್ತಾ ನಡುವೆ ನುಗ್ಗಿ ನೀರಿಗೆ ಬೀಳುತ್ತದೆ, ಕಥೆ ಮುಂದುವರಿಯುತ್ತದೆ. ಓಡಿದರೆ?

ಲೆಕ್ಕ ಹಾಕೋಣ. ಒಂದು ಸುತ್ತು 6 ಸೆಕೆಂಡು ಎಂದುಕೊಂಡ ಆಟಗಳಲ್ಲಿ ಮನುಷ್ಯ ಪಾತ್ರ ಶಕ್ತಿಮೀರಿ ಓಡಿದರೆ ಸಾಮಾನ್ಯವಾಗಿ 60 ಅಡಿ, ಎಂದರೆ 18 ಮೀಟರ್. ನೀರಾನೆ ಸ್ವಲ್ಪ ದೂರದವರೆಗೆ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಅದೇ 6 ಸೆಕೆಂಡಿನಲ್ಲಿ 50 ಮೀಟರ್. ಒಂದೂವರೆ ಟನ್ ತೂಕದ ಪ್ರಾಣಿ ಮನುಷ್ಯನ ಸುಮಾರು ಮೂರರಷ್ಟು ವೇಗದಲ್ಲಿ ಬರುತ್ತದೆ. ನಾನು ಇದಕ್ಕೆ ಎರಡೇ ಸುತ್ತಿನ ಓಟ ಕೊಡುತ್ತೇನೆ. ಮೂರನೆಯ ಸುತ್ತಿಗೆ ಅದು ನಿಂತು ನೀರಿನತ್ತ ತಿರುಗುತ್ತದೆ. ನೀರಿನೊಳಗೆ ಅದು ಈಜುವುದಕ್ಕಿಂತ ಹೆಚ್ಚಾಗಿ ತಳದ ಮೇಲೆ ನಡೆಯುತ್ತದೆ, ಸುಮಾರು 5 ನಿಮಿಷ ಉಸಿರು ಹಿಡಿಯುತ್ತದೆ. 5 ನಿಮಿಷವೆಂದರೆ 50 ಸುತ್ತು. ಹಾಗಾಗಿ ಮುಳುಗಿದ ನೀರಾನೆ ದೋಣಿಯಲ್ಲಿರುವವರ ಪಾಲಿಗೆ ಎಲ್ಲಿ ಬೇಕಾದರೂ ಇರಬಹುದು. ಇಷ್ಟಾದ ಮೇಲೆ ಹಿಟ್ ಪಾಯಿಂಟ್ ಬರೆಯಿರಿ. ನಿಮ್ಮ ಆಟದ ದೊಡ್ಡ ಕರಡಿಯ ಒಂದೂವರೆ ಪಟ್ಟು ಸಾಕು.

ಇನ್ನು ಅಳಿದುಹೋದವು. ಇಲ್ಲಿ ನಮಗೆ ಸಿಗುವುದು ಮೂಳೆ, ಹಲ್ಲು, ಹೆಜ್ಜೆಗುರುತು. ಅದರಿಂದಲೇ ನಿಯಮ ಹುಟ್ಟಬೇಕು ಎಂಬುದು ನನ್ನ ಹಟ.

ಕತ್ತಿಹಲ್ಲಿನ ಬೆಕ್ಕು ಸ್ಮೈಲೋಡಾನ್ ತೆಗೆದುಕೊಳ್ಳಿ. ಸುಮಾರು 10,000 ವರ್ಷಗಳ ಹಿಂದೆ ಅಳಿಯಿತು. ಅದರ ಅತಿ ದೊಡ್ಡ ಪ್ರಭೇದ 400 ಕಿಲೋವರೆಗೆ ತೂಗುತ್ತಿತ್ತು. ಬೇರು ಸೇರಿಸಿದರೆ ಕೋರೆಹಲ್ಲು ಸುಮಾರು 28 ಸೆಂಟಿಮೀಟರ್. ಎಲ್ಲರೂ ಈ ಹಲ್ಲಿಗೆ ದೊಡ್ಡ ಗಾಯದ ದಾಳ ಕೊಟ್ಟು ಸುಮ್ಮನಾಗುತ್ತಾರೆ. ಆದರೆ ಆ ಹಲ್ಲು ಪಕ್ಕದಿಂದ ಚಪ್ಪಟೆ, ಮೂಳೆಗೆ ತಾಗಿದರೆ ಮುರಿಯುವಂಥದ್ದು. ಲಾಸ್ ಏಂಜಲಿಸ್‌ನ ಲಾ ಬ್ರಿಯಾ ಡಾಂಬರು ಗುಂಡಿಗಳಲ್ಲಿ ಸಿಕ್ಕ ಬೇಟೆಯಾಡುವ ಪ್ರಾಣಿಗಳಲ್ಲಿ, ಬದುಕಿದ್ದಾಗಲೇ ಹಲ್ಲು ಮುರಿದು ಆ ತುದಿ ಸವೆಯುವವರೆಗೆ ಬಾಳಿದವೂ ಇವೆ. ಸ್ಮೈಲೋಡಾನ್‌ನ ನಿಜವಾದ ಬಲವಿದ್ದದ್ದು ಮುಂಗಾಲಿನಲ್ಲಿ. ಮೊದಲು ಮಿಕವನ್ನು ಕೆಡವಿ ಅಲುಗದಂತೆ ಒತ್ತಿಹಿಡಿದು, ಆಮೇಲೆ ಗಂಟಲಿಗೆ ಬಾಯಿ ಹಾಕಬೇಕು.

ಹಾಗಾಗಿ ನನ್ನ ಪುಟದಲ್ಲಿ ಸ್ಮೈಲೋಡಾನ್‌ಗೆ ಎರಡು ನಿಯಮ. ಒತ್ತಿಹಿಡಿಯದ ಎದುರಾಳಿಯನ್ನು ಅದು ಕಚ್ಚುವಂತಿಲ್ಲ. ಕಚ್ಚುವಾಗ ಇಪ್ಪತ್ತು ಮುಖದ ದಾಳದಲ್ಲಿ 1 ಬಿದ್ದರೆ ಒಂದು ಕೋರೆಹಲ್ಲು ಮುರಿಯುತ್ತದೆ, ಅದು ಆ ಕ್ಷಣವೇ ಹಿಂದೆ ಸರಿಯುತ್ತದೆ. ಈ ನಿಯಮಗಳಿಂದ ಆಟಗಾರರಿಗೆ ಮಾಡಲು ಕೆಲಸ ಸಿಗುತ್ತದೆ: ಗೆಳೆಯನ ಎದೆಯ ಮೇಲಿರುವ ಆ ಪಂಜಗಳನ್ನು ಮುಂದಿನ ಸುತ್ತಿನೊಳಗೆ ಬಿಡಿಸಬೇಕು. ದಾಳದ ಸದ್ದಿಗೆ ಎಲ್ಲರೂ ಉಸಿರು ಬಿಗಿಹಿಡಿಯುವುದನ್ನು ನಾನು ಇಲ್ಲಿ ಕಂಡಷ್ಟು ಬೇರೆಲ್ಲೂ ಕಂಡಿಲ್ಲ.

ಲಾ ಬ್ರಿಯಾವನ್ನೇ ಒಂದು ಸ್ಥಳವಾಗಿಯೂ ಬಳಸಿ. ಅಲ್ಲಿ ಸಸ್ಯಾಹಾರಿಗಳಿಗಿಂತ ಬೇಟೆಯಾಡುವ ಪ್ರಾಣಿಗಳ ಮೂಳೆಗಳೇ ಬಹಳ ಹೆಚ್ಚು. ಡಾಂಬರಿನಲ್ಲಿ ಸಿಕ್ಕಿಕೊಂಡ ಒಂದು ಕಾಡೆಮ್ಮೆಯ ಕೂಗಿಗೆ ಹತ್ತಾರು ಬಾಯಿಗಳು ಬಂದು ತಾವೂ ಸಿಕ್ಕಿಕೊಂಡವು. ನಿಮ್ಮ ನಕ್ಷೆಯಲ್ಲಿ ಅಂಥ ಒಂದು ಕಪ್ಪು ಕೆರೆಯಿರಲಿ, ನಡುವೆ ಇನ್ನೂ ಅಲುಗುತ್ತಿರುವ ಒಂದು ಬೆನ್ನು ಕಾಣಲಿ.

ವೆಲಾಸಿರ್ಯಾಪ್ಟರ್ ಎಂಬ ಡೈನೋಸಾರ್ ಬಗ್ಗೆ ಒಂದು ಮಾತು. ಅದು 15ರಿಂದ 20 ಕಿಲೋ ತೂಕದ, ಟರ್ಕಿ ಕೋಳಿಯಷ್ಟು ದೊಡ್ಡ ಪ್ರಾಣಿ. ಮುಂಗೈ ಮೂಳೆಯಲ್ಲಿ ಗರಿ ನಾಟಿದ್ದ ಗುಬುಟುಗಳಿರುವುದು 2007ರಲ್ಲಿ ಪ್ರಕಟವಾಯಿತು. ಆಳೆತ್ತರದ ಬೇಟೆಗಾರ ಬೇಕಿದ್ದರೆ ಅದರ ದೊಡ್ಡ ಬಂಧು ಯೂಟಾರ್ಯಾಪ್ಟರ್ ಇದೆ, ಅದನ್ನು ಕರೆಯಿರಿ. ಆದರೆ ಚಿಕ್ಕದನ್ನು ಕೈಬಿಡಬೇಡಿ. 1971ರಲ್ಲಿ ಮಂಗೋಲಿಯಾದಲ್ಲಿ ಸಿಕ್ಕ ಒಂದು ಪಳೆಯುಳಿಕೆಯಲ್ಲಿ ವೆಲಾಸಿರ್ಯಾಪ್ಟರ್ ಮತ್ತು ಗಿಡ ತಿನ್ನುವ ಡೈನೋಸಾರ್ ಪ್ರೊಟೊಸೆರಟಾಪ್ಸ್ ಕಾದಾಡುತ್ತಲೇ ಮರಳಿನಡಿ ಹೂತುಹೋಗಿವೆ. ಬೇಟೆಗಾರನ ಕುಡುಗೋಲು ಉಗುರು ಎದುರಾಳಿಯ ಕುತ್ತಿಗೆಯ ಬಳಿ, ಎದುರಾಳಿಯ ಕೊಕ್ಕಿನಲ್ಲಿ ಬೇಟೆಗಾರನ ಬಲ ಮುಂಗೈ. ಎರಡೂ ಬಿಡಲಿಲ್ಲ. ನನ್ನ ಪುಟದಲ್ಲಿ ಇದು "ಹಿಡಿದರೆ ಬಿಡದು" ಎಂಬ ಒಂದೇ ಸಾಲು: ಉಗುರು ನಾಟಿದ ಮೇಲೆ ಅದು ತಾನಾಗಿ ಬಿಡುವುದಿಲ್ಲ, ಆದರೆ ಹಿಡಿದಿರುವಷ್ಟು ಹೊತ್ತು ಅದನ್ನು ಹೊಡೆಯುವುದು ಎಲ್ಲರಿಗೂ ಸುಲಭ.

ಟಿರನೋಸಾರಸ್ ಎದುರು ಅಲುಗದೆ ನಿಂತರೆ ಅದಕ್ಕೆ ಕಾಣುವುದಿಲ್ಲ ಎಂದು ಆಟಗಾರರು ಹೇಳಿಯೇ ಹೇಳುತ್ತಾರೆ. ಒಪ್ಪಬೇಡಿ. ಮುಂದಕ್ಕೆ ನೋಡುವ ಎರಡು ಕಣ್ಣುಗಳಿಂದ ಅದರ ದೃಷ್ಟಿ ಚೆನ್ನಾಗಿತ್ತು, ಮೂಗು ಇನ್ನೂ ಚುರುಕು. ಗಾಳಿಯ ದಿಕ್ಕು ಯಾವುದೆಂದು ಕೇಳಲು ಅವರಿಗೆ ಕಲಿಸಿ.

ಕ್ವೆಟ್ಜಲ್‌ಕೋಟ್ಲಸ್‌ನ ರೆಕ್ಕೆಯ ಹರವು ಸುಮಾರು 10 ಮೀಟರ್; ಅದು ಡೈನೋಸಾರ್‌ಗಳ ಕಾಲದ ಹಾರುವ ಸರೀಸೃಪ. ಅದು ಮನುಷ್ಯರನ್ನು ಕಾಲಲ್ಲಿ ಎತ್ತಿಕೊಂಡು ಹಾರುವ ದೃಶ್ಯ ಬರೆಯಬೇಡಿ. ಆ ಪಾದ ಹಿಡಿಯಲು ಹೊಂದುವಂಥದ್ದಲ್ಲ. ನಿಜ ಇನ್ನೂ ಭಯಂಕರ. ರೆಕ್ಕೆ ಮಡಚಿಕೊಂಡು, ಜಿರಾಫೆಯ ಎತ್ತರದಲ್ಲಿ, ನಾಲ್ಕು ಕಾಲಿನ ಮೇಲೆ ಬಯಲಿನಲ್ಲಿ ನಿಧಾನವಾಗಿ ನಡೆಯುತ್ತಾ ಬರುತ್ತದೆ. ಗುಂಪಿನಲ್ಲಿ ಕುಳ್ಳ ಪಾತ್ರವೊಂದಿದ್ದರೆ ಅದರ ಕಣ್ಣು ಅಲ್ಲಿಯೇ.

ಡೈನೋಸಾರ್‌ಗಳಲ್ಲಿ ಥೆರಿಜಿನೋಸಾರಸ್ ನನ್ನ ಮೆಚ್ಚಿನದು. ಅರ್ಧ ಮೀಟರ್ ದಾಟಿದ ಉಗುರುಗಳು, ಆದರೂ ಗಿಡ ತಿನ್ನುವ ಪ್ರಾಣಿ. 1954ರಲ್ಲಿ ಮೊದಲು ವರ್ಣಿಸಿದಾಗ ಅದನ್ನು ಆಮೆಯಂಥ ಸರೀಸೃಪ ಎಂದೇ ಭಾವಿಸಿದ್ದರು. ಅದು ಕೊಂಬೆ ಎಳೆದು ಮೇಯುತ್ತಿದೆ ಎಂದು ವಿವರಿಸಿ, ಸುಮ್ಮನೆ ಕುಳಿತುಕೊಳ್ಳಿ. ಬಾಣ ಬಿಡುವುದೋ ಬಿಡಬಾರದೋ ಎಂದು ಐವರು ವಾದಿಸಲಿ.

ಪೂರ್ತಿ ಕಲ್ಪನೆಯ ಜೀವಿಗೂ ಇದೇ ದಾರಿ. 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹೊರತಂದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇಬ್ಬರಲ್ಲಿ ಗೈಗ್ಯಾಕ್ಸ್ ಅಗ್ಗದ ಪ್ಲಾಸ್ಟಿಕ್ ಪ್ರಾಣಿಗಳ ಆಟಿಕೆಯೊಂದನ್ನು ಕೈಗೆತ್ತಿಕೊಂಡು ಅದರಿಂದ ರಸ್ಟ್ ಮಾನ್‌ಸ್ಟರ್ ಎಂಬ ತುಕ್ಕಿನ ಜೀವಿಯನ್ನು ರೂಪಿಸಿದರು. ಆ ವಿಚಿತ್ರ ಆಕಾರ ಇಂದಿಗೂ ನೆನಪಿರುವುದು ಅದಕ್ಕೊಂದು ಹಸಿವಿರುವುದರಿಂದ: ಅದಕ್ಕೆ ಬೇಕಾದದ್ದು ನಿಮ್ಮ ಪ್ರಾಣವಲ್ಲ, ನಿಮ್ಮ ಕಬ್ಬಿಣ. ಬೊಂಬಾರ್ಡಿಯರ್ ಜೀರುಂಡೆ ಎರಡು ರಾಸಾಯನಿಕಗಳನ್ನು ಬೇರೆಯಾಗಿಟ್ಟು, ಬೇಕಾದಾಗ ಬೆರೆಸಿ, ಸುಮಾರು 100 ಡಿಗ್ರಿ ಬಿಸಿಯ ದ್ರವ ಚಿಮ್ಮಿಸುತ್ತದೆ. ಅದನ್ನು ಎತ್ತಿನ ಗಾತ್ರಕ್ಕೆ ಹಿಗ್ಗಿಸಿ, ಆದರೆ ಚಿಮ್ಮಿಸುವುದು ಹೆದರಿದಾಗ ಮಾತ್ರ ಎಂಬುದನ್ನು ಹಾಗೇ ಉಳಿಸಿಕೊಳ್ಳಿ.

ಅಳತೆಗಳ ಬಗ್ಗೆ ಮೇಜಿನಲ್ಲಿ ಜಗಳ ಬೇಡ. ಪುರಾತನ ಮೀನು ಡಂಕ್ಲಿಯೋಸ್ಟಿಯಸ್ 8 ಮೀಟರ್‌ಗೂ ಮಿಗಿಲು ಎಂದು ಬಹುಕಾಲ ಬರೆಯುತ್ತಿದ್ದರು. 2023ರ ಒಂದು ಅಧ್ಯಯನ ಅದನ್ನು 4 ಮೀಟರ್ ಆಸುಪಾಸಿಗೆ ಇಳಿಸಿತು. ನಾನು ರಬ್ಬರಿನಿಂದ ಅಳಿಸಿ ಹೊಸದು ಬರೆದೆ, ಪೆನ್ಸಿಲ್ ಇರುವುದೇ ಅದಕ್ಕೆ.

ಪ್ರಾಣಿ ಸತ್ತರೆ ಅದರ ಹೊಟ್ಟೆಯಿಂದ ಚಿನ್ನದ ನಾಣ್ಯ ಬರಬಾರದು. ಚರ್ಮ, ಕೊಂಬು, ಮಾಂಸ ಮತ್ತು ಗಾಳಿಯಲ್ಲಿ ಹರಡುವ ರಕ್ತದ ವಾಸನೆ ಬರಲಿ. ಬದುಕಿ ಓಡಿಹೋದರೆ ಪುಟವನ್ನು ಹರಿಯಬೇಡಿ. ಎರಡು ವರ್ಷಗಳ ಹಿಂದೆ ನಮ್ಮ ಸ್ಮೈಲೋಡಾನ್‌ಗೆ ದಾಳದಲ್ಲಿ 1 ಬಿತ್ತು. ಮುರಿದ ಹಲ್ಲಿನ ತುದಿಯನ್ನು ಬಿಲ್ಲುಗಾರ್ತಿ ದಾರಕ್ಕೆ ಪೋಣಿಸಿ ಕೊರಳಿಗೆ ಕಟ್ಟಿಕೊಂಡಿದ್ದಾಳೆ. ಬೆಕ್ಕಿನ ಪುಟದಲ್ಲಿ ಹೆಸರಿನ ಕೆಳಗೆ ನಾನು ಈಗ ಐದನೆಯ ಸಾಲು ಸೇರಿಸಿದ್ದೇನೆ: ಎಡಗೋರೆ ಇಲ್ಲ, ದೊಡ್ಡ ಮಿಕ ಕೊಲ್ಲಲಾರದು, ಹಳ್ಳಿಯ ಕುರಿಗಳತ್ತ ಇಳಿಯುತ್ತಿದೆ. ಮುಂದಿನ ಬಾರಿ ಕೂತಾಗ ಕುರುಬನೊಬ್ಬ ಇವರನ್ನು ಹುಡುಕಿಕೊಂಡು ಬರುತ್ತಾನೆ. ಸತ್ತ ಕುರಿಯ ಕುತ್ತಿಗೆಯಲ್ಲಿ ಒಂದೇ ತೂತು ಇರುತ್ತದೆ.